ಡೋಸಿಟಾಕ್ಸೆಲ್ ಜೊತೆ ಕರ್ಕ್ಯುಮಿನ್, ಅಶ್ವಗಂಧ, ಲಕ್ಷ್ಮಣಫಲ: ಚಿಕ್ಕಮ್ಮ ಕೇಳಿದ್ದಕ್ಕೆ

ಚಿಕ್ಕಮ್ಮಾ, ಬೆಳಿಗ್ಗೆ ಗ್ರೂಪಲ್ಲಿ ನೀವು ಕೇಳಿದ್ದು ನೋಡ್ದೆ. ದೊಡ್ಡಮ್ಮನಿಗೆ ಸ್ತನ ಕ್ಯಾನ್ಸರ್‌ಗೆ ಮುಂದಿನ ವಾರದಿಂದ ಡೋಸಿಟಾಕ್ಸೆಲ್ ಅನ್ನೋ ಕೀಮೋ ಔಷಧಿ ಡ್ರಿಪ್ಪಲ್ಲಿ ಶುರು ಮಾಡ್ತಾರೆ, ಅದರ ಜೊತೆಗೆ ಕರಿಮೆಣಸಿನ ಸತ್ವ ಸೇರಿಸಿರೋ ಕರ್ಕ್ಯುಮಿನ್ (ಅರಿಶಿನದ ಸತ್ವ) ಕ್ಯಾಪ್ಸೂಲ್, ಅಶ್ವಗಂಧದ ಮಾತ್ರೆ, ಲಕ್ಷ್ಮಣಫಲದ ಎಲೆ ಕಷಾಯ, ಮೂರೂ ಕೊಡಬಹುದಾ ಅಂತ. ಮೊದಲು ಉತ್ತರ ಹೇಳ್ಬಿಡ್ತೀನಿ: ಮೂರನ್ನೂ ಈಗ ಕೊಡಬೇಡಿ. ಕಾರಣ ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಕೇಳಿ. ಇದು ಗಿಡಮೂಲಿಕೆ ಒಳ್ಳೇದಾ ಕೆಟ್ಟದ್ದಾ ಅನ್ನೋ ಜಗಳ ಅಲ್ಲ.

ಯಾಕಂದ್ರೆ ಆ ಡ್ರಿಪ್ಪಲ್ಲಿ ಹೋಗೋ ಔಷಧಿಯೇ ಗಿಡದಿಂದ ಬಂದಿದ್ದು. ಯುರೋಪಿನ ಯೂ ಮರದ ಎಲೆಯಿಂದ ಒಂದು ರಾಸಾಯನಿಕ ತೆಗೆದು, ಅದನ್ನ ಲ್ಯಾಬಲ್ಲಿ ಮಾರ್ಪಡಿಸಿ ಡೋಸಿಟಾಕ್ಸೆಲ್ ಮಾಡ್ತಾರೆ. ಅದರ ಅಕ್ಕ ಇದ್ದ ಹಾಗೆ ಪ್ಯಾಕ್ಲಿಟ್ಯಾಕ್ಸೆಲ್. ಅದು ಪೆಸಿಫಿಕ್ ಯೂ ಮರದ ತೊಗಟೆಯಲ್ಲಿ ಸಿಕ್ಕಿದ್ದು, ವಾಲ್ ಮತ್ತು ವಾಣಿ ಅನ್ನೋ ವಿಜ್ಞಾನಿಗಳು 1971ರಲ್ಲಿ ಅದರ ರಚನೆ ಪ್ರಕಟಿಸಿದರು, ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1992ರಲ್ಲಿ. ಇಪ್ಪತ್ತೊಂದು ವರ್ಷ ಹಿಡೀತು. ಕಾಶಿ ಕಣಗಿಲೆಯಿಂದ ಬರೋ ವಿನ್‌ಕ್ರಿಸ್ಟೀನ್ ಅನ್ನೋ ಇನ್ನೊಂದು ಕೀಮೋ ಔಷಧಿ ಇದೆಯಲ್ಲ, ದೊಡ್ಡವರಿಗೂ ಒಂದು ಸಲಕ್ಕೆ ಸಾಮಾನ್ಯವಾಗಿ 2 ಮಿಲಿಗ್ರಾಂ ದಾಟಿಸಲ್ಲ. ಅಷ್ಟು ಸಣ್ಣ ಅಳತೆ. ಗಿಡದ ಸತ್ವ ಕ್ಯಾನ್ಸರ್ ಔಷಧಿ ಆಗೋದು ಆ ಅಳತೆಯಿಂದಲೇ.

ಈಗ ಮುಖ್ಯ ವಿಷಯ. ಡಾಕ್ಟರು ದೊಡ್ಡಮ್ಮನ ಎತ್ತರ, ತೂಕ ನೋಡಿ ಮೈಯ ವಿಸ್ತೀರ್ಣ ಲೆಕ್ಕ ಹಾಕಿ ಡೋಸ್ ಬರೀತಾರೆ. ಆ ಲೆಕ್ಕದ ಹಿಂದೆ, ಲಿವರ್ ಇಷ್ಟು ಹೊತ್ತಲ್ಲಿ ಇಷ್ಟು ಔಷಧಿ ಒಡೆದು ಹೊರಗೆ ಹಾಕುತ್ತೆ ಅನ್ನೋ ಅಂದಾಜು ಇರುತ್ತೆ. ಡೋಸಿಟಾಕ್ಸೆಲ್ ಒಡೆಯೋದು ಮುಖ್ಯವಾಗಿ ಸಿವೈಪಿ3ಎ4 ಅನ್ನೋ ಕಿಣ್ವ. ಹೊರಗಿಂದ ಹೋದ ಯಾವುದೋ ಸತ್ವ ಈ ಕಿಣ್ವವನ್ನ ಜಾಸ್ತಿ ಮಾಡಿದರೆ ಕೀಮೋ ಬೇಗ ಖಾಲಿಯಾಗುತ್ತೆ, ಗಡ್ಡೆಗೆ ಸಾಲಲ್ಲ. ತಡೆದರೆ ಕೀಮೋ ರಕ್ತದಲ್ಲೇ ಹೆಚ್ಚು ಹೊತ್ತು ಉಳಿಯುತ್ತೆ, ಬಿಳಿ ರಕ್ತಕಣ ಕುಸಿಯುತ್ತೆ, ಬಾಯಿ ಹುಣ್ಣಾಗುತ್ತೆ, ಭೇದಿ ಹತ್ತುತ್ತೆ. ಮೂಲಿಕೆಯಿಂದ ಹೀಗಾಯ್ತು ಅಂತ ಎರಡರಲ್ಲೂ ಹೊರಗಿಂದ ಗೊತ್ತಾಗಲ್ಲ ಚಿಕ್ಕಮ್ಮಾ. ಮೊದಲನೇದಂತೂ ಇನ್ನೂ ಅಪಾಯ, ಯಾಕಂದ್ರೆ ಪೇಷಂಟು ಆರಾಮಾಗಿ ಇರ್ತಾರೆ, ಮನೆಯವರು ಮೂಲಿಕೆ ಕೆಲಸ ಮಾಡ್ತಿದೆ, ಸೈಡ್ ಎಫೆಕ್ಟೇ ಇಲ್ಲ ಅಂದ್ಕೋತಾರೆ. ಕೆಲಸ ಮಾಡದೇ ಇರೋದು ಕೀಮೋ.

ಇದು ಊಹೆ ಅಲ್ಲ. ಮನಸ್ಸಿನ ಬೇಸರಕ್ಕೆ ಅಂತ ಮಾರೋ ಸೇಂಟ್ ಜಾನ್ಸ್ ವರ್ಟ್ ಅನ್ನೋ ಮೂಲಿಕೆ ಇದೆ. 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅದನ್ನ ಐರಿನೋಟೆಕಾನ್ ಅನ್ನೋ ಕೀಮೋ ಜೊತೆ ಕೊಟ್ಟಾಗ ರಕ್ತದಲ್ಲಿ ಆ ಕೀಮೋದ ಸಕ್ರಿಯ ರೂಪ ಶೇ. 42ರಷ್ಟು ಇಳಿದಿತ್ತು. ಇಮ್ಯಾಟಿನಿಬ್ ಅನ್ನೋ ಕ್ಯಾನ್ಸರ್ ಮಾತ್ರೆಯ ಮಟ್ಟ ಶೇ. 30ರಷ್ಟು ಇಳಿಸುತ್ತೆ ಅಂತಲೂ ಗೊತ್ತಾಗಿದೆ. ನಿಲ್ಲಿಸಿದ ಮೇಲೂ ಈ ಪರಿಣಾಮ ಹೋಗೋಕೆ ಸುಮಾರು ಎರಡು ವಾರ ಬೇಕು, ಹಾಗಾಗಿ ಕೀಮೋ ಹಿಂದಿನ ದಿನ ಬಿಟ್ಟರೆ ಸಾಲಲ್ಲ.

ಈಗ ನಿಮ್ಮ ಕ್ಯಾಪ್ಸೂಲಿಗೆ ಬರ್ತೀನಿ. ಬರೀ ಕರ್ಕ್ಯುಮಿನ್ ರಕ್ತಕ್ಕೆ ಸೇರೋದೇ ಇಲ್ಲ ಅನ್ನಬಹುದು, ಅದಕ್ಕೇ ಕರಿಮೆಣಸಿನ ಪೈಪರೀನ್ ಬೆರೆಸ್ತಾರೆ. 1998ರ ಒಂದು ಅಧ್ಯಯನದಲ್ಲಿ 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರೀನ್ ಕೊಟ್ಟಾಗ ಹೀರಿಕೆ ಶೇ. 2000ದಷ್ಟು ಹೆಚ್ಚಿತು. ಡಬ್ಬದ ಮೇಲೆ ದೊಡ್ಡದಾಗಿ ಬರೆಯೋದು ಇದನ್ನೇ. ಅದು ಹೇಗಾಗುತ್ತೆ ಗೊತ್ತಾ? ಪೈಪರೀನ್ ನಮ್ಮ ಕರುಳು, ಲಿವರ್ ಔಷಧಿ ಒಡೆಯೋ ದಾರಿಗಳನ್ನ ತಡೆಯುತ್ತೆ. ಸಿವೈಪಿ3ಎ4ಅನ್ನೂ ತಡೆಯುತ್ತೆ ಅಂತ ಲ್ಯಾಬಲ್ಲಿ ಕಂಡಿದೆ. ಅಂದ್ರೆ ಯಾವ ಗುಣಕ್ಕೋಸ್ಕರ ಅದನ್ನ ಸೇರಿಸಿದಾರೋ ಅದೇ ಗುಣ ಡೋಸಿಟಾಕ್ಸೆಲ್ ಜೊತೆ ಬೇಡದ ಗುಣ. ಅಡುಗೆಗೆ ಹಾಕೋ ಅರಿಶಿನದ ಬಗ್ಗೆ ನಾನು ಹೇಳ್ತಿಲ್ಲ. ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನ್ ಇರೋದು ನೂರಕ್ಕೆ ಮೂರು ಪಾಲಿನಷ್ಟು. ಅಡುಗೆಯ ಚಿಟಿಕೆಗೂ ಶೇ. 95ರ ಸತ್ವ ತುಂಬಿದ ಕ್ಯಾಪ್ಸೂಲಿಗೂ ಹೋಲಿಕೆಯೇ ಇಲ್ಲ.

ಕರ್ಕ್ಯುಮಿನ್ ಕ್ಯಾನ್ಸರ್ ಕೋಶ ಕೊಲ್ಲುತ್ತೆ ಅಂತ ಸಾವಿರಾರು ಪೇಪರ್ ಇದೆಯಲ್ಲ ಅಂತೀರಿ. ಇದೆ, ಲ್ಯಾಬಿನ ತಟ್ಟೆಯಲ್ಲಿ. ಅಲ್ಲಿ ಕೋಶಗಳ ಮೇಲೆ 10, 20, 50 ಮೈಕ್ರೋಮೋಲಾರ್ (ದ್ರವದಲ್ಲಿ ಎಷ್ಟು ಸತ್ವ ಇದೆ ಅನ್ನೋ ಅಳತೆ) ಸುರೀತಾರೆ. ಮನುಷ್ಯರಿಗೆ ದಿನಕ್ಕೆ 8 ಗ್ರಾಂ ನುಂಗಿಸಿ ಅಳೆದಾಗ ರಕ್ತದಲ್ಲಿ ಸಿಕ್ಕ ಗರಿಷ್ಠ ಸರಾಸರಿ ಮಟ್ಟ ಅದೇ ಅಳತೆಯಲ್ಲಿ 1.77. ಆ 8 ಗ್ರಾಮನ್ನೂ ಎಲ್ಲರಿಗೂ ನುಂಗೋಕಾಗಲ್ಲ: ಮೇದೋಜೀರಕ ಗ್ರಂಥಿಯ ಕ್ಯಾನ್ಸರಿಗೆ ಜೆಮ್‌ಸಿಟಾಬಿನ್ ಅನ್ನೋ ಕೀಮೋ ಜೊತೆ ಕೊಟ್ಟ ಒಂದು ಪ್ರಯೋಗದಲ್ಲಿ 17 ಜನರಲ್ಲಿ 5 ಜನ ಹೊಟ್ಟೆ ಉಬ್ಬರ, ನೋವು ಅಂತ ಬಿಟ್ಟುಬಿಟ್ಟರು. ದೊಡ್ಡಮ್ಮನಿಗೆ ಕೊಡೋ ಡೋಸಿಟಾಕ್ಸೆಲ್ ಜೊತೆಗೇ ಒಂದು ಸರಿಯಾದ ಪರೀಕ್ಷೆ ಆಗಿದೆ, ಪ್ರಾಸ್ಟೇಟ್ ಕ್ಯಾನ್ಸರಿನ 50 ಜನರಲ್ಲಿ, ಅರ್ಧ ಜನಕ್ಕೆ ದಿನಕ್ಕೆ 6 ಗ್ರಾಂ ಕರ್ಕ್ಯುಮಿನ್, ಉಳಿದವರಿಗೆ ಖಾಲಿ ಮಾತ್ರೆ. ವ್ಯತ್ಯಾಸ ಕಾಣಲಿಲ್ಲ, ಮಧ್ಯದಲ್ಲೇ ನಿಲ್ಲಿಸಿದರು. ಒಳ್ಳೆ ಸುದ್ದಿಯೂ ಹೇಳಬೇಕಲ್ಲ: ಮುಂದುವರಿದ ಸ್ತನ ಕ್ಯಾನ್ಸರಿನ 150 ಹೆಂಗಸರಿಗೆ ಪ್ಯಾಕ್ಲಿಟ್ಯಾಕ್ಸೆಲ್ ಜೊತೆ ವಾರಕ್ಕೊಮ್ಮೆ 300 ಮಿಲಿಗ್ರಾಂ ಕರ್ಕ್ಯುಮಿನ್ ರಕ್ತನಾಳಕ್ಕೇ ಕೊಟ್ಟಾಗ ಗಡ್ಡೆ ಕುಗ್ಗಿದವರು ಶೇ. 51, ಬರೀ ಕೀಮೋದವರಲ್ಲಿ ಶೇ. 33. ಆಸೆ ಹುಟ್ಟಿಸೋ ಫಲಿತಾಂಶ, ಇನ್ನೂ ದೊಡ್ಡ ಪ್ರಯೋಗ ಆಗಬೇಕು. ಆದರೆ ಅದು ಆಸ್ಪತ್ರೆಯಲ್ಲಿ ಅಳೆದು ಕೊಟ್ಟ ಇಂಜೆಕ್ಷನ್, ನೀವು ಹೇಳ್ತಿರೋ ಕ್ಯಾಪ್ಸೂಲ್ ಅಲ್ಲ. ಮುಂದೆ ದೊಡ್ಡಮ್ಮನಿಗೆ ಟ್ಯಾಮಾಕ್ಸಿಫೆನ್ ಅನ್ನೋ ಸ್ತನ ಕ್ಯಾನ್ಸರಿನ ಮಾತ್ರೆ ಬರೆದುಕೊಟ್ಟರೆ ಆಗಲೂ ಈ ಕ್ಯಾಪ್ಸೂಲ್ ಬೇಡ. 2019ರ ಅಧ್ಯಯನದಲ್ಲಿ ಅದರ ಸಕ್ರಿಯ ರೂಪ ಕರ್ಕ್ಯುಮಿನ್‌ನಿಂದ ಇಳಿದಿತ್ತು, ಪೈಪರೀನ್ ಸೇರಿದಾಗ ಇನ್ನೂ ಇಳಿದಿತ್ತು.

ಲಕ್ಷ್ಮಣಫಲ "ಕೀಮೋಗಿಂತ ಹತ್ತು ಸಾವಿರ ಪಟ್ಟು" ಶಕ್ತಿಶಾಲಿ ಅನ್ನೋ ಫಾರ್ವರ್ಡ್ ಇದೆಯಲ್ಲ, ಅದು ಪೂರ್ತಿ ಕಟ್ಟುಕಥೆ ಅಲ್ಲ, ಅದಕ್ಕೇ ನಂಬಿಸುತ್ತೆ. 1990ರ ದಶಕದಲ್ಲಿ ಅದರ ಬೀಜದ ಒಂದೇ ಒಂದು ರಾಸಾಯನಿಕ, ತಟ್ಟೆಯಲ್ಲಿಟ್ಟ ಒಂದೇ ಬಗೆಯ ಕರುಳಿನ ಕ್ಯಾನ್ಸರ್ ಕೋಶದ ಮೇಲೆ, ಒಂದು ಕೀಮೋ ಔಷಧಿಗಿಂತ ಅಷ್ಟು ಕಡಿಮೆ ಪ್ರಮಾಣದಲ್ಲಿ ಕೆಲಸ ಮಾಡಿತ್ತು. ಎಲೆ ಕಷಾಯ ಅಲ್ಲ, ಮನುಷ್ಯರಲ್ಲಂತೂ ಅಲ್ಲವೇ ಅಲ್ಲ. ಈ ಗಿಡದಲ್ಲೇ ಇರೋ, ಅದೇ ಗುಂಪಿನ ಅನ್ನೊನಾಸಿನ್ ಅನ್ನೋ ರಾಸಾಯನಿಕ ನರಕೋಶಕ್ಕೆ ವಿಷ. ಕೆರಿಬಿಯನ್ನಿನ ಗ್ವಾಡಲೂಪ್ ದ್ವೀಪದಲ್ಲಿ ಈ ಹಣ್ಣು, ಎಲೆ ಚಹಾ ಜಾಸ್ತಿ ಬಳಸಿದವರಲ್ಲಿ ಪಾರ್ಕಿನ್ಸನ್ (ಮೈ ಬಿಗಿಯೋ, ನಡುಗೋ ನರರೋಗ) ತರಹದ ಕಾಯಿಲೆ ಕಂಡು 1999ರಲ್ಲೇ ವರದಿ ಆಗಿದೆ. ಡೋಸಿಟಾಕ್ಸೆಲ್ ಕೈಕಾಲಿನ ನರ ಜೋಮು ಹಿಡಿಸೋ ಔಷಧಿ. ಅದರ ಮೇಲೆ ಇದನ್ನ ಹಾಕಬೇಡಿ.

ಅಶ್ವಗಂಧದಲ್ಲಿ ನನ್ನ ಚಿಂತೆ ಲಿವರ್. ಅಶ್ವಗಂಧ, ಅಮೃತಬಳ್ಳಿ, ಅರಿಶಿನದ ಗಟ್ಟಿ ಸತ್ವ, ಗ್ರೀನ್ ಟೀ ಸತ್ವ, ಈ ನಾಲ್ಕರಿಂದಲೂ ಕೆಲವರಿಗೆ ಲಿವರ್ ಊತ, ಕಾಮಾಲೆ ಬಂದಿದ್ದು ದಾಖಲಾಗಿದೆ. ಎಲ್ಲರಿಗೂ ಬರಲ್ಲ, ಯಾರಿಗೆ ಬರುತ್ತೆ ಅಂತ ಮುಂಚೆ ಹೇಳೋಕೂ ಆಗಲ್ಲ. ಬೇರೆ ಸಮಯದಲ್ಲಾದ್ರೆ ನಿಲ್ಲಿಸಿದರೆ ಬಹಳ ಜನಕ್ಕೆ ಸರಿಹೋಗುತ್ತೆ. ಕೀಮೋ ಮಧ್ಯದಲ್ಲಿ ಹಾಗಲ್ಲ. ರಕ್ತಪರೀಕ್ಷೆಯಲ್ಲಿ ಬಿಲಿರುಬಿನ್ (ಕಾಮಾಲೆಯಲ್ಲಿ ಏರೋ ಹಳದಿ ಬಣ್ಣದ ವಸ್ತು) ಮಾಮೂಲಿ ಮಿತಿ ದಾಟಿದರೆ ಡೋಸಿಟಾಕ್ಸೆಲ್ ಕೊಡಬಾರದು ಅಂತಲೇ ನಿಯಮ. ಲಿವರ್ ಪರೀಕ್ಷೆಯಲ್ಲಿ ಅಳೆಯೋ ಕಿಣ್ವಗಳಾದ ಎಎಸ್‌ಟಿ ಅಥವಾ ಎಎಲ್‌ಟಿ ಮಾಮೂಲಿ ಮಿತಿಯ ಒಂದೂವರೆ ಪಟ್ಟು ಮೀರಿ, ಜೊತೆಗೆ ಆಲ್ಕಲೈನ್ ಫಾಸ್ಫಟೇಸ್ ಎರಡೂವರೆ ಪಟ್ಟು ಮೀರಿದರೂ ಕೊಡಲ್ಲ. ಆಗ ಡಾಕ್ಟರಿಗೆ ಇದು ಕೀಮೋದಿಂದ ಆಯ್ತಾ, ಕಾಯಿಲೆ ಲಿವರ್‌ಗೆ ಹರಡಿತಾ, ಮೂಲಿಕೆಯಿಂದಾನಾ ಅಂತ ಗೊತ್ತಾಗಲ್ಲ. ಸ್ಕ್ಯಾನ್ ಮಾಡಿಸ್ತಾರೆ, ಕೀಮೋ ಸೈಕಲ್ (ಸರದಿ) ಮುಂದೂಡ್ತಾರೆ, ಡೋಸ್ ಇಳಿಸ್ತಾರೆ. ಶಕ್ತಿಗೆ ಅಂತ ಕೊಟ್ಟ ಮಾತ್ರೆಯಿಂದ ನಿಜವಾದ ಔಷಧಿ ತಪ್ಪಿಹೋಗುತ್ತೆ. ನನಗೆ ತುಂಬಾ ಸಂಕಟ ಆಗೋದು ಇದಕ್ಕೇ.

ಹಾಗಾದ್ರೆ ಏನೂ ಕೊಡಬಾರದಾ ಅಂದ್ರೆ, ಶುಂಠಿ ಇದೆ. 576 ರೋಗಿಗಳ ಅಧ್ಯಯನ, 2012ರಲ್ಲಿ ಬಂತು: ಕೀಮೋಗೆ ಮೂರು ದಿನ ಮುಂಚೆಯಿಂದ ಆರು ದಿನ, ಶುಂಠಿ ಸತ್ವದ ಕ್ಯಾಪ್ಸೂಲ್, ಜೊತೆಗೆ ಮಾಮೂಲಿ ವಾಂತಿ ಮಾತ್ರೆ. ಮೊದಲ ದಿನದ ಓಕರಿಕೆ ಕಡಿಮೆ ಆಯ್ತು. ಹೆಚ್ಚು ಉಪಯೋಗ ಕಂಡಿದ್ದು ದಿನಕ್ಕೆ ಅರ್ಧ ಗ್ರಾಂ, ಒಂದು ಗ್ರಾಂ ತಗೊಂಡವರಲ್ಲಿ. ಒಂದೂವರೆ ಗ್ರಾಂ ಅವಕ್ಕಿಂತ ಮೇಲಾಗಿರಲಿಲ್ಲ. ಆದರೆ ವಾಂತಿ ಮಾತ್ರೆ ಬಿಟ್ಟು ಇದನ್ನ ಕೊಡಬೇಡಿ, ರಕ್ತ ಹೆಪ್ಪುಗಟ್ಟಿಸೋ ಪ್ಲೇಟ್‌ಲೆಟ್ ಕಡಿಮೆ ಇದ್ದರೆ ಕೇಳದೆ ಬೇಡ. ಇದನ್ನೂ ಡಾಕ್ಟರಿಗೆ ಹೇಳಿಯೇ ಶುರು ಮಾಡಿ.

ಗ್ರೂಪಲ್ಲಿ ಬೇರೆಯವರೂ ಕೇಳ್ತಿರ್ತೀರಿ, ಒಂದು ಮಾತು: ಮೈಲೋಮಾ ಅನ್ನೋ ರಕ್ತದ ಕ್ಯಾನ್ಸರಿಗೆ ಬೋರ್ಟೆಜೊಮಿಬ್ ಔಷಧಿ ತಗೋತಿರೋರು ಗ್ರೀನ್ ಟೀ ಕ್ಯಾಪ್ಸೂಲ್ ಮುಟ್ಟಬೇಡಿ. ಗ್ರೀನ್ ಟೀಯಲ್ಲಿರೋ ಇಜಿಸಿಜಿ ಅನ್ನೋ ಸತ್ವ ಆ ಔಷಧಿಗೇ ಅಂಟಿಕೊಂಡು ಅದರ ಕೆಲಸ ಕೆಡಿಸುತ್ತೆ ಅಂತ ಲ್ಯಾಬಲ್ಲೂ ಇಲಿಗಳಲ್ಲೂ ಕಂಡಿದೆ.

ಈಗ ಮಾಡಬೇಕಾದ್ದು, ಚಿಕ್ಕಮ್ಮಾ. ಒಂದು ಹಾಳೆಯಲ್ಲಿ ಬರೀರಿ: ಏನು, ಗಿಡದ ಯಾವ ಭಾಗ, ಪುಡಿಯಾ ಸತ್ವಾನಾ, ಒಂದು ಮಾತ್ರೆಗೆ ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು ಸಲ, ಯಾವ ತಾರೀಕಿನಿಂದ, ಕೊನೆಯದಾಗಿ ತಗೊಂಡಿದ್ದು ಯಾವಾಗ. ದೊಡ್ಡಮ್ಮ ಈಗಾಗಲೇ ಎರಡು ದಿನ ನುಂಗಿದ್ದರೂ ಮುಚ್ಚಿಡದೆ ಬರೀರಿ, ಡಾಕ್ಟರು ಬೈತಾರೆ ಅಂತ ಅಂಜಬೇಡಿ. ಬಿಪಿ, ಶುಗರ್ ಮಾತ್ರೆನೂ ಅದೇ ಹಾಳೆಗೆ. ಡಬ್ಬಗಳನ್ನೇ ಒಯ್ದು ತೋರಿಸಿ, ಮೊದಲ ಸೈಕಲಿಗೆ ಮುಂಚೆ. "ಮೂಲಿಕೆ ತಗೋಬಹುದಾ" ಅಂತ ಕೇಳಿದರೆ ಒಂದೇ ಮಾತಲ್ಲಿ ಬೇಡ ಅಂದುಬಿಡ್ತಾರೆ. "ಇದು ಡೋಸಿಟಾಕ್ಸೆಲ್ ಮಟ್ಟ ಏರಿಸುತ್ತಾ ಇಳಿಸುತ್ತಾ, ಲಿವರ್‌ಗೆ ಏನು, ಪ್ಲೇಟ್‌ಲೆಟ್‌ಗೆ ಏನು" ಅಂತ ಕೇಳಿ. ಅಲ್ಲಿ ಕ್ಯಾನ್ಸರ್ ಔಷಧಿ ನೋಡ್ಕೊಳ್ಳೋ ಫಾರ್ಮಸಿಸ್ಟ್ ಇದ್ದರೆ ಅವರ ಹತ್ತಿರ ಕೂತು ಕೇಳಿ. ಅವರು ಒಂದಕ್ಕೆ ಸರಿ ಅಂದರೆ ಒಂದನ್ನೇ ಶುರು ಮಾಡಿ, ಎರಡು ಒಟ್ಟಿಗೆ ಬೇಡ, ಮುಂದಿನ ರಕ್ತಪರೀಕ್ಷೆಯಲ್ಲಿ ಏನಾದ್ರೂ ಬದಲಾದರೆ ಯಾವುದರಿಂದ ಅಂತ ತಿಳಿಯಬೇಕಲ್ಲ.

ಕೀಮೋ ಆಗಿ ಏಳರಿಂದ ಹತ್ತನೇ ದಿನದ ಹೊತ್ತಿಗೆ ಬಿಳಿ ರಕ್ತಕಣ ತೀರಾ ಕೆಳಗಿರುತ್ತೆ. ಆಗ ಬೇಯಿಸದ ಬೇರಿನ ಪುಡಿ, ಎಲೆ ಪುಡಿ ಯಾವುದೂ ಬೇಡ, ಅದರಲ್ಲಿ ಬೂಷ್ಟಿನ ಕಣ ಇರುತ್ತೆ. ಥರ್ಮಾಮೀಟರ್ ಕೈಗೆಟಕೋ ಹಾಗೆ ಇಟ್ಟಿರಿ. 38 ಡಿಗ್ರಿ ಸೆಲ್ಸಿಯಸ್, ಅಂದ್ರೆ 100.4 ಫ್ಯಾರನ್‌ಹೀಟ್ ಮುಟ್ಟಿದರೆ ಕಷಾಯ, ಜ್ವರದ ಮಾತ್ರೆ ಅಂತ ಕಾಯದೆ ರಾತ್ರಿ ಎಷ್ಟೇ ಹೊತ್ತಾಗಿರಲಿ ಆಸ್ಪತ್ರೆಗೆ ಹೊರಡಿ. ಆ ಮೂರೂ ಡಬ್ಬದ ಲೇಬಲ್ ಫೋಟೋ ಇವತ್ತೇ ನನಗೆ ಕಳಿಸಿ, ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ ಬರೆದಿರ್ತಾರಲ್ಲ, ಅದು ಕಾಣೋ ಹಾಗೆ.