ಪದಚರ್ಚೆ: ‘ದಾಖಲಾತಿ ಪ್ರಮಾಣ’ ಅಂದರೆ ಎಷ್ಟು ಕೂಸು?

ಪ್ರಶ್ನೆ: ‘ನವಜಾತ ಶಿಶು ತೀವ್ರ ನಿಗಾ ಘಟಕಗಳಲ್ಲಿ ದಾಖಲಾತಿ ಪ್ರಮಾಣ ಶೇ 13 ಏರಿಕೆ.’ ಈ ವಾಕ್ಯದಲ್ಲಿ ‘ದಾಖಲಾತಿ’ ಸರಿಯೇ? ‘ಪ್ರಮಾಣ’ದ ಬದಲು ‘ಸಂಖ್ಯೆ’ ಅನ್ನಬಹುದೇ?

ಉತ್ತರ: ‘ದಾಖಲೆ’ ಅಂತೂ ಬೇಡ, ‘ದಾಖಲೆ ಏರಿಕೆ’ ಅಂದರೆ ಹಿಂದೆಂದೂ ಕಾಣದ ಏರಿಕೆ ಎಂದಾಗುತ್ತದೆ. ‘ದಾಖಲಾತಿ’ ತಪ್ಪಲ್ಲ, ಆದರೆ ಕಚೇರಿಗಳಲ್ಲಿ ‘ದಾಖಲಾತಿ ಪರಿಶೀಲನೆ’ ಅಂದರೆ ಕಾಗದಪತ್ರ ನೋಡುವುದು. ‘ದಾಖಲಾದ ಕೂಸುಗಳು’ ಎಂದು ಬರೆದರೆ ಗೊಂದಲವೇ ಇಲ್ಲ.

ತೊಡಕಿರುವುದು ‘ಪ್ರಮಾಣ’ದಲ್ಲಿ. ಈ ಶೇ 13 ಬಂದದ್ದು ಅಮೆರಿಕದ ಲೆಕ್ಕದಿಂದ. ಅಲ್ಲಿ 2016ರಲ್ಲಿ ಹುಟ್ಟಿದ ಮಕ್ಕಳಲ್ಲಿ ಶೇ 8.7 ಇಂಥ ಘಟಕ ಸೇರಿದ್ದವು, 2023ರಲ್ಲಿ ಶೇ 9.8. ನೂರಕ್ಕೆ ಹೆಚ್ಚಿದ್ದು ಒಂದು ಕೂಸಿನ ಲೆಕ್ಕ, 8.7ಕ್ಕೆ ಹೋಲಿಸಿದರೆ ಮಾತ್ರ ಶೇ 13 ಏರಿಕೆ. ಮೇಲಿನ ವಾಕ್ಯ ಓದಿದವರು ನೂರರಲ್ಲಿ 13 ಕೂಸು ಹೆಚ್ಚಾದವು ಅಂದುಕೊಳ್ಳುತ್ತಾರೆ. ‘ಶೇ 8.7ರಿಂದ 9.8ಕ್ಕೆ ಏರಿದೆ’ ಎಂದು ಎರಡೂ ಅಂಕಿ ಕೊಡುವುದೇ ಪ್ರಾಮಾಣಿಕ ಕನ್ನಡ.

‘ಪ್ರಮಾಣ’ ಎನ್ನಲು ಕೆಳಗೊಂದು ಛೇದ ಬೇಕು: ಒಟ್ಟು ಎಷ್ಟು ಹೆರಿಗೆ? ಚಿತ್ರದುರ್ಗದ ಆಸ್ಪತ್ರೆಯಲ್ಲಿ ಹುಟ್ಟಿ, ಅಲ್ಲಿನ ಘಟಕ ಸೇರಿ, ಉಸಿರಾಟದ ತೊಂದರೆಯಿಂದ ದಾವಣಗೆರೆಗೆ ಕಳಿಸಿದ ಕೂಸನ್ನು ನೋಡಿ. ದುರ್ಗದ ಘಟಕದ ಪುಸ್ತಕದಲ್ಲಿ ಅದು ‘ಒಳಗೆ ಹುಟ್ಟಿದ್ದು’, ದಾವಣಗೆರೆಯ ಪುಸ್ತಕದಲ್ಲಿ ‘ಹೊರಗೆ ಹುಟ್ಟಿದ್ದು’. ಕೂಸು ಒಂದೇ, ದಾಖಲು ಎರಡು. ಕೂಡಿಸುವವರು ಇದನ್ನು ಗಮನಿಸದಿದ್ದರೆ ಜಿಲ್ಲೆಗಳ ಮೊತ್ತ ಊದಿಕೊಳ್ಳುತ್ತದೆ. ಹೊರಗಿನಿಂದ ಬಂದ ಕೂಸುಗಳಿಗೆ ದಾವಣಗೆರೆಯ ಆಸ್ಪತ್ರೆಯಲ್ಲಿ ಛೇದವೇ ಇಲ್ಲ, ಅವುಗಳ ಹೆರಿಗೆ ಆದದ್ದು ಬೇರೆಡೆ. ಅಲ್ಲಿ ‘ಸಂಖ್ಯೆ’ ಅನ್ನಿ, ‘ಪ್ರಮಾಣ’ ಬೇಡ.

ತೂಕದ ಕಾಲಂನಲ್ಲೂ ಇದೇ ಎಚ್ಚರ ಬೇಕು. ಸರ್ಕಾರಿ ವಿಶೇಷ ಆರೈಕೆ ಘಟಕಕ್ಕೆ ಸೇರಿಸಿಕೊಳ್ಳುವ ಒಂದು ಅಳತೆ 1,800 ಗ್ರಾಂಗಿಂತ ಕಡಿಮೆ ಹುಟ್ಟುತೂಕ. 1,850 ಗ್ರಾಂ ಇದ್ದ ಕೂಸು ಮೂರನೇ ದಿನ 1,720ಕ್ಕೆ ಇಳಿಯುವುದು ಸಹಜ. ಬರೀ ‘ತೂಕ’ ಎಂದು ಅಚ್ಚಾದ ಕಾಲಂನಲ್ಲಿ ಒಬ್ಬರು ಹುಟ್ಟಿದಾಗಿನದು, ಇನ್ನೊಬ್ಬರು ಸೇರಿಸಿದ ದಿನದ್ದು ಬರೆದರೆ ಕಡಿಮೆ ತೂಕದ ಕೂಸುಗಳು ಕಾಗದದ ಮೇಲೆ ತಾವಾಗಿಯೇ ಹೆಚ್ಚುತ್ತವೆ. ‘ಹುಟ್ಟುತೂಕ’ ಎಂದೇ ಅಚ್ಚು ಹಾಕಿಸಬೇಕು. ಹಾಗೆಯೇ, 38 ವಾರಕ್ಕೆ 2,100 ಗ್ರಾಂ ಇರುವ ಕೂಸು ಕಡಿಮೆ ತೂಕದ್ದು (2,500 ಗ್ರಾಂಗಿಂತ ಕಡಿಮೆ), ದಿನ ತುಂಬದ್ದಲ್ಲ. 37 ವಾರ ಮುಗಿಯದೆ ಹುಟ್ಟಿದ್ದಕ್ಕೆ ಮಾತ್ರ ‘ದಿನ ತುಂಬದ’ ಸಲ್ಲುತ್ತದೆ.

ಪತ್ರಿಕೆಗಳು ‘ವಿಶೇಷ ಆರೈಕೆ ಘಟಕ’ವನ್ನೂ ‘ತೀವ್ರ ನಿಗಾ ಘಟಕ’ ಅನ್ನುತ್ತವೆ. ಮೊದಲನೆಯದು ಒಂದು ಮೆಟ್ಟಿಲು ಕೆಳಗಿನದು. ದಿನಗಟ್ಟಲೆ ವೆಂಟಿಲೇಟರ್ ಬೇಕಾದ ಕೂಸನ್ನು ಅಲ್ಲಿಂದ ಮುಂದಕ್ಕೆ ಕಳಿಸುತ್ತಾರೆ. ಎರಡನ್ನೂ ಬೆರೆಸಿ ಏರಿಳಿತ ಹೇಳಬಾರದು.

ಇನ್ನು ನಮ್ಮ ಕಡೆಯ ಮಾತು, ‘ಕೂಸ್ನ ಪೆಟ್ಟಿಗ್ಯಾಗ ಇಟ್ಟಾರ’. ಮಾತು ಚೆಂದ, ಮಾಹಿತಿಗೆ ಸಾಲದು. ಮುಚ್ಚಿದ ಪಾರದರ್ಶಕ ಪೆಟ್ಟಿಗೆ ಇನ್‌ಕ್ಯುಬೇಟರ್. ಮೇಲಿನಿಂದ ಕಾವು ಕೊಡುವ ವಾರ್ಮರ್‌ಗೆ ಮುಚ್ಚಳವೇ ಇಲ್ಲ. ಕಾಮಾಲೆಗೆ ಕೊಡುವುದು ನೀಲಿ ಬೆಳಕು. ಮೂರಕ್ಕೂ ಇಲ್ಲಿ ‘ಪೆಟ್ಟಿಗೆ’ಯೇ. ಹಿಂದಿನ ಆಸ್ಪತ್ರೆಯ ವಿವರ ಬರೆದುಕೊಳ್ಳುವವರು ‘ಮೇಲೆ ಮುಚ್ಚಿತ್ತಾ? ಕಣ್ಣಿಗೆ ಪಟ್ಟಿ ಕಟ್ಟಿದ್ರಾ?’ ಎಂದು ಕೇಳಲಿ. ಕಣ್ಣಿಗೆ ಪಟ್ಟಿ ಕಟ್ಟಿದ್ದರೆ ಅದು ಕಾಮಾಲೆಯ ಬೆಳಕು.