ಅಪ್‌ಡೇಟ್: ಅಮ್ಮನ ಜೊತೆ ಗ್ಯೊಂಗ್ಜು ನೋಡಿ ಬಂದೆವು

ಮಂಡಿನೋವಿರುವ ಅಮ್ಮ, ಇಬ್ಬರು ಮಕ್ಕಳ ಜೊತೆ ದಕ್ಷಿಣ ಕೊರಿಯಾದ ಗ್ಯೊಂಗ್ಜುವನ್ನು ಒಂದೇ ದಿನದಲ್ಲಿ ನೋಡಬಹುದಾ ಎಂದು ಕೇಳಿದ್ದೆ. ಎರಡು ದಿನ ಇಟ್ಟುಕೊಳ್ಳಿ ಎಂದಿದ್ದಿರಿ. ಹಾಗೇ ಮಾಡಿದೆವು, ತುಂಬಾ ಥ್ಯಾಂಕ್ಸ್!

ಮೊದಲ ದಿನ ಬುಲ್ಗುಕ್ಸಾ ದೇವಾಲಯ. ಎದುರಿನ ಹಳೇ ಕಲ್ಲಿನ ಮೆಟ್ಟಿಲು ಹತ್ತಲು ಯಾರಿಗೂ ಬಿಡುವುದಿಲ್ಲ, ಪಕ್ಕದ ದಾರಿಯಲ್ಲೇ ಹೋಗಬೇಕು. ಅಮ್ಮನಿಗೆ ಅದೇ ಅನುಕೂಲವಾಯಿತು. ಅಂಗಳದಲ್ಲಿ ದಬೊತಾಪ್ ಎಂಬ ಕಲ್ಲಿನ ಗೋಪುರವಿದೆ. ಅಲ್ಲಿನ 10 ವೊನ್ ನಾಣ್ಯದ ಮೇಲೂ ಅದೇ ಚಿತ್ರ. ಮಗಳು ನಾಣ್ಯವನ್ನು ಕಣ್ಣಿನ ಹತ್ತಿರ ಹಿಡಿದು, ಗೋಪುರದ ಒಂದೊಂದೇ ಅಂತಸ್ತು ಹೋಲಿಸಿ ನೋಡಿದಳು. ಬುಡದಲ್ಲಿ ಉಳಿದಿರುವ ಒಂದೇ ಒಂದು ಕಲ್ಲಿನ ಸಿಂಹವನ್ನು ಮೊದಲು ಕಂಡವಳೂ ಅವಳೇ. ಸೊಕ್ಗುರಾಮ್ ಎಂಬ ಕಲ್ಲಿನ ಗುಹಾಲಯದ ಬುದ್ಧನನ್ನು ಗಾಜಿನ ಆಚೆಯಿಂದಲೇ ನೋಡಬೇಕು. ಆದರೂ ಅಮ್ಮ ಕೈಮುಗಿದು ಸುಮ್ನೆ ನಿಂತುಬಿಟ್ಟರು.

ಮರುದಿನ ದೆರುಂಗ್ವೊನ್. ಹಳೇ ಕೊರಿಯಾದ ಸಿಲ್ಲಾ ರಾಜ್ಯವನ್ನು ಆಳಿದ ರಾಜರ ಕಾಲದ ಸಮಾಧಿಗಳು, ಹುಲ್ಲು ಹೊದ್ದ ದುಂಡನೆಯ ಗುಡ್ಡಗಳ ಹಾಗೆ. ದಾರಿ ಸಮತಟ್ಟು, ಅಮ್ಮ ಆರಾಮಾಗಿ ನಡೆದರು. 1973ರಲ್ಲಿ ಅಗೆದ ಚೊನ್ಮಾಚೊಂಗ್ ಎಂಬ ಸಮಾಧಿಯ ಒಳಗೆ ಹೋಗಬಹುದು. ಬರ್ಚ್ ಮರದ ತೊಗಟೆಯ ಮೇಲೆ ಬರೆದ ಬಿಳಿ ಕುದುರೆ ಸಿಕ್ಕಿದ್ದು ಅಲ್ಲೇ. ನನಗೆ ಜಾಸ್ತಿ ಹಿಡಿಸಿದ್ದು ಈ ಜಾಗ. ಮಕ್ಕಳನ್ನು ಕರೆದುಕೊಂಡು ಹೋಗುವವರು ಇದನ್ನು ಬಿಡಬೇಡಿ.