ಚಿಪ್ಪು, ಕವಚ, ಪೊರೆ: ಅಕಶೇರುಕ ಮಾದರಿಗಳ ಭಾಗಗಳಿಗೆ ಪದ ಬೇಕು (ಮತ್ತೊಮ್ಮೆ)

ಬಳಗದ ಎಲ್ಲರಿಗೂ ನಮಸ್ಕಾರ.

ಅಕಶೇರುಕಗಳ, ಅಂದರೆ ಬೆನ್ನೆಲುಬಿಲ್ಲದ ಪ್ರಾಣಿಗಳ, ಮಾದರಿಗಳ ಭಾಗಗಳಿಗೆ ಕನ್ನಡದಲ್ಲಿ ಏನೆನ್ನಬೇಕೆಂದು ಕಳೆದ ವಾರ ನಾನು ಕೇಳಿದ್ದ ಪ್ರಶ್ನೆಗೆ ಬಂದ ಉತ್ತರಗಳನ್ನೆಲ್ಲ ಓದಿದ್ದೇನೆ. ಬೇಕಾದ ಪದಗಳು ಇನ್ನೂ ಕೈಗೆ ಸಿಗದ ಕಾರಣ ಮತ್ತೆ ಬರೆಯುತ್ತಿದ್ದೇನೆ. ಕಾಸರಗೋಡಿನ ಕಾಲೇಜೊಂದರ ಪ್ರಾಣಿಶಾಸ್ತ್ರ ಸಂಗ್ರಹವನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ನಡೆಯುತ್ತಿದ್ದು, ಮಾದರಿಗಳ ಭಾಗಗಳ ಪಟ್ಟಿಯಲ್ಲಿ ಇಂಗ್ಲಿಷ್ ಮತ್ತು ಮಲಯಾಳ ಅಂಕಣಗಳು ತುಂಬಿವೆ, ಕನ್ನಡದ್ದು ಖಾಲಿ ಇದೆ. ಶುಕ್ರವಾರ ಸಂಜೆಯೊಳಗೆ ನಾವು ತುಂಬಿ ಕೊಡದಿದ್ದರೆ ಮಲಯಾಳದ ಪದಗಳನ್ನೇ ಕನ್ನಡ ಲಿಪಿಯಲ್ಲಿ ಬರೆದು ಮುಗಿಸುತ್ತಾರೆ. ಈ ಊರಿನಲ್ಲಿ ಕನ್ನಡ ಮಾಧ್ಯಮದಲ್ಲಿ ಓದುವ ಮಕ್ಕಳು ಮುಂದೆ ಆ ಪಟ್ಟಿಯನ್ನೇ ನೋಡಬೇಕಾಗುತ್ತದೆ.

‘ಚಿಪ್ಪು ಎಂದರೆ ಸಾಕು, ಇದಕ್ಕೆ ಚರ್ಚೆ ಏಕೆ’ ಎಂದು ಒಬ್ಬರು ಒಂದೇ ಸಾಲಿನಲ್ಲಿ ತಳ್ಳಿಹಾಕಿದ್ದಾರೆ. ಸಾಲದು. ಸಂಗ್ರಹಾಲಯದಲ್ಲಿ ಒಂದು ಪ್ರಾಣಿಯ ಭಾಗಗಳೆಲ್ಲ ಒಂದೇ ಕಡೆ ಇರುವುದಿಲ್ಲ. ಬಸವನಹುಳುವಿನ ಒಣಗಿದ ಚಿಪ್ಪು ಡ್ರಾಯರಿನಲ್ಲಿದ್ದರೆ ಅದರ ಮೈ ಆಲ್ಕೊಹಾಲಿನ ಬಾಟಲಿಯಲ್ಲಿ, ಡಿಎನ್‌ಎ ಪರೀಕ್ಷೆಗೆ ತೆಗೆದ ಚೂರು ಫ್ರೀಜರಿನಲ್ಲಿ ಇರುತ್ತದೆ, ಪ್ರತಿಯೊಂದಕ್ಕೂ ಪ್ರತ್ಯೇಕ ನಮೂದು ಬೇಕಾಗುತ್ತದೆ. ಜೀವಿಗಳ ಮಾಹಿತಿಯನ್ನು ಒಂದೇ ರೀತಿಯಲ್ಲಿ ದಾಖಲಿಸಲೆಂದು 2009ರಲ್ಲಿ ಅಂಗೀಕಾರವಾದ ಡಾರ್ವಿನ್ ಕೋರ್ ಮಾನದಂಡ ಅಂಕಣಗಳ ಹೆಸರನ್ನು ಕೊಡುತ್ತದೆಯೇ ಹೊರತು ಅಂಕಣದೊಳಗೆ ತುಂಬಬೇಕಾದ ಭಾಗಗಳ ಹೆಸರನ್ನು ಕೊಡುವುದಿಲ್ಲ; ಆ ಪಟ್ಟಿಯನ್ನು ಸಂಗ್ರಹ ಇಟ್ಟುಕೊಂಡವರೇ ಒಪ್ಪಿ ಮಾಡಿಕೊಳ್ಳಬೇಕು. ಏಡಿಯ ಬೆನ್ನಿನದು, ಮರುವಾಯಿಯ (ಎರಡು ಹೋಳಿನ ಚಿಪ್ಪಿರುವ ಜಲಚರದ) ಎರಡು ಹೋಳುಗಳು, ಶಂಖ, ಎಲ್ಲವನ್ನೂ ಚಿಪ್ಪು ಎಂದು ಬರೆದಿಟ್ಟರೆ ಹುಡುಕುವವನಿಗೆ ಎಲ್ಲವೂ ಒಟ್ಟಿಗೇ ಬಂದು ಬೀಳುತ್ತವೆ. ನಮ್ಮ ಮಾತಿನಲ್ಲಂತೂ ಬಾಳೆಗೊನೆಗೂ ಚಿಪ್ಪು ಇದೆ.

ಚಿಪ್ಪು ಪದ ಸಂಸ್ಕೃತದ ಶುಕ್ತಿಯಿಂದ ಪ್ರಾಕೃತದ ಮೂಲಕ ಬಂದದ್ದೆಂದು ಎರಡು ಪುಟ ಬರೆದವರ ಶ್ರಮವನ್ನು ನಾನು ಗೌರವಿಸುತ್ತೇನೆ. ತಮಿಳಿನ ಇಪ್ಪಿ, ತೆಲುಗಿನ ಚಿಪ್ಪ, ನಮ್ಮ ಸಿಪ್ಪು ಇವು ಒಂದೇ ಮನೆಯ ಪದಗಳೆಂದೇ ನನ್ನ ಎಣಿಕೆ. ಆದರೆ ಮೂಲ ಯಾವುದಾದರೂ ಡ್ರಾಯರಿನಲ್ಲಿರುವ ವಸ್ತು ಬದಲಾಗುವುದಿಲ್ಲ. ಆದ್ದರಿಂದ ಆ ವಾದವನ್ನು ಇಲ್ಲಿಗೆ ನಿಲ್ಲಿಸೋಣ.

ನನ್ನ ಸಲಹೆ ಹೀಗಿದೆ. ಬಸವನಹುಳು, ಮರುವಾಯಿಯಂಥ ಮೆತ್ತನೆ ಮೈಯ ಮೃದ್ವಂಗಿಗಳಿಗೆ ಮಾತ್ರ ಚಿಪ್ಪು ಎನ್ನೋಣ. ಮರುವಾಯಿಯಂಥವುಗಳಲ್ಲಿ ಎಡಹೋಳು, ಬಲಹೋಳು ಎಂದು ಬೇರೆ ಮಾಡೋಣ. ಕಾಯಿ ಒಡೆದಾಗ ಆಗುವ ಎರಡು ಹೋಳುಗಳು ಎಲ್ಲರಿಗೂ ಗೊತ್ತು. ಕೈಟನ್ ಎಂಬ ಪ್ರಾಣಿಯ ಬೆನ್ನ ಮೇಲಿನ ಎಂಟು ತುಂಡುಗಳನ್ನೂ ಮರುವಾಯಿಯ ಹೋಳುಗಳಂತೆಯೇ ಇಂಗ್ಲಿಷಿನಲ್ಲಿ ವಾಲ್ವ್ ಎಂದು ಕರೆಯುವುದುಂಟು. ನಾವು ಅವನ್ನು ಬಿಲ್ಲೆ ಎಂದು ಕರೆದರೆ ವಾಲ್ವ್ ಎಂಬುದರಲ್ಲಿ ಇಲ್ಲದ ಸ್ಪಷ್ಟತೆ ನಮ್ಮ ಪಟ್ಟಿಗೆ ಬರುತ್ತದೆ.

ಏಡಿ, ಸೀಗಡಿಗಳ ಬೆನ್ನಿನ ಗಟ್ಟಿ ಹೊದಿಕೆಗೆ ನಾನು ಸೂಚಿಸಿದ್ದ ‘ಬೆನ್ನುಗವಚ’ವನ್ನು ಅರಿಸಮಾಸ, ಅಂದರೆ ಕನ್ನಡ ಪದಕ್ಕೆ ಸಂಸ್ಕೃತ ಪದವನ್ನು ಸಲ್ಲದ ರೀತಿಯಲ್ಲಿ ಜೋಡಿಸಿದ ಸಮಾಸ, ಎಂದು ಹಿರಿಯರೊಬ್ಬರು ಕಟುವಾಗಿ ನಿರಾಕರಿಸಿದ್ದಾರೆ. ವ್ಯಾಕರಣಕಾರ ಕೇಶಿರಾಜ ಹದಿಮೂರನೆಯ ಶತಮಾನದಲ್ಲಿ ಹೇಳಿದ ನಿಯಮ ನನಗೆ ತಿಳಿಯದ್ದಲ್ಲ. ಆದರೂ ಅಂಥದ್ದೇ ಜೋಡಣೆಯಾದ ಮಳೆಗಾಲ ಎಂಬ ಪದವನ್ನು ಆಡದೆ ಈ ಕರಾವಳಿಯಲ್ಲಿ ಒಂದು ದಿನವನ್ನೂ ಕಳೆಯಲಾಗದ ನಾವು ಬೆನ್ನುಗವಚವನ್ನು ಹೊರಗೆ ನಿಲ್ಲಿಸುವುದು ನ್ಯಾಯವಲ್ಲ. ಅದರ ಬದಲಿಗೆ ಅವರು ಕೊಟ್ಟ ‘ಪೃಷ್ಠವರ್ಮ’ವನ್ನು ಬಾಟಲಿಯ ಚೀಟಿಯ ಮೇಲೆ ಓದಿದ ಯಾವ ವಿದ್ಯಾರ್ಥಿಗೂ ಏಡಿ ನೆನಪಾಗದು. ಹಾಗೆಂದು ಸಂಸ್ಕೃತದ ನೆರಳೇ ಬೇಡವೆನ್ನುವವರ ‘ಬೆನ್ನೋಡು’ ಕೂಡ ನಡೆಯದು. ಓಡು ಎಂದರೆ ಇಲ್ಲಿಯವರಿಗೆ ಮಾಡಿನ ಹಂಚು, ಅದರ ಮೇಲೆ ಆ ಪದವನ್ನು ‘ನೋಡು’ ಎಂದು ಓದಿಕೊಳ್ಳುವ ತೊಂದರೆಯೂ ಇದೆ.

ಬಸವನಹುಳು ಒಳಸರಿದು ಬಾಯಿ ಮುಚ್ಚಿಕೊಳ್ಳುವ ಬಿಲ್ಲೆಯಂಥ ಭಾಗಕ್ಕೆ ಹಲವರು ‘ಮುಚ್ಚಳ’ ಎಂದಿದ್ದೀರಿ. ಒಳ್ಳೆಯ ಪದ, ಆದರೆ ಸಂಗ್ರಹಾಲಯಕ್ಕೆ ಒಗ್ಗದು. ‘ಮುಚ್ಚಳ ಒಡೆದಿದೆ’ ಎಂದು ನಮೂದಿಸಿದರೆ ಬಾಟಲಿಯದೋ ಹುಳುವಿನದೋ ತಿಳಿಯದು. ‘ಚಿಪ್ಪಿನ ಕದ’ ಎಂದರೆ ಆ ಗೊಂದಲವಿಲ್ಲ. ಕಂಗಿನ ಮರಕ್ಕೆ ಕಚ್ಚಿಕೊಂಡು ಉಳಿದ ಜೀರುಂಡೆಯ ಖಾಲಿ ಮೈಗೆ ಬರಿಯ ಪೊರೆ ಎಂದರೆ ಕೋಶಪೊರೆಯ ಜೊತೆ ಕಲಸಿಹೋಗುತ್ತದೆ, ‘ಕಳಚಿದ ಪೊರೆ’ ಎಂದೇ ಬರೆಯಬೇಕು. ಕುರುವಾಯಿ ದುಂಬಿಯ ಮೇಲುರೆಕ್ಕೆ ರೆಕ್ಕೆಯನ್ನು ಮುಚ್ಚುವ ಬೇರೊಂದು ಹೊದಿಕೆಯಲ್ಲ, ಗಟ್ಟಿಯಾದ ಮುಂದಿನ ರೆಕ್ಕೆಯೇ; ಆದ್ದರಿಂದ ‘ಗಡಸುರೆಕ್ಕೆ’ ಸರಿ.

ಕಟಲ್ ಮೀನಿನ ಒಳಗಿನ ಬಿಳಿಯ ಹಗುರ ಭಾಗದ ಬಗ್ಗೆ ಬಂದ ಜಗಳವೇ ದೊಡ್ಡದು. ಇಂಗ್ಲಿಷಿನವರು ಅದನ್ನು ಮೂಳೆ ಎಂದರು, ಮಲಯಾಳದವರು ಕಡಲ್‌ನಾಕ್ಕ್, ಅಂದರೆ ಕಡಲಿನ ನಾಲಗೆ ಎಂದರು, ಆಯುರ್ವೇದದವರು ಸಮುದ್ರಫೇನ ಎಂದರು. ಅದು ಮೂಳೆಯೂ ಅಲ್ಲ, ನಾಲಗೆಯೂ ಅಲ್ಲ, ನೊರೆಯೂ ಅಲ್ಲ. ಮೃದ್ವಂಗಿಯೊಂದು ಮೈಯೊಳಗೆ ಇಟ್ಟುಕೊಂಡ ಸುಣ್ಣದ ಚಿಪ್ಪು. ಶುದ್ಧ ಕನ್ನಡದ ಪಕ್ಷದವರು ‘ಒಳಚಿಪ್ಪು’ ಎನ್ನಿ ಎಂದರು, ಅರ್ಥದ ದೃಷ್ಟಿಯಿಂದ ಅದೇ ಸರಿಯಾದದ್ದು. ಆದರೂ ಔಷಧಿಯ ಅಂಗಡಿಯಲ್ಲಿ ಕೇಳಿದರೆ ಕೈಗೆ ಬರುವ ಪದ ಸಮುದ್ರಫೇನ. ಹೆಸರಿನ ಅರ್ಥ ತಪ್ಪಿದ್ದರೂ ಅದು ಬೇರೆ ಯಾವ ವಸ್ತುವನ್ನೂ ತೋರಿಸುವುದಿಲ್ಲ. ಪಟ್ಟಿಗೆ ಬೇಕಾದ ಗುಣ ಇದೇ ಆದ್ದರಿಂದ ನಾನು ಸಮುದ್ರಫೇನವನ್ನು ಉಳಿಸಿಕೊಳ್ಳುತ್ತೇನೆ. ನೆರೆಯ ಭಾಷೆಯಿಂದ ಪಡೆಯುವುದು ಸೋಲೆಂದು ಬರೆದವರು ಮರುವಾಯಿ ಎಂಬ ತುಳು ಪದವನ್ನು ತಮ್ಮದೇ ಪತ್ರದಲ್ಲಿ ಮೂರು ಸಲ ಬಳಸಿದ್ದಾರೆ.

ಇತ್ಯರ್ಥವಾಗದೆ ಉಳಿದದ್ದು ರೋಸ್ಟ್ರಮ್, ಅಂದರೆ ತಲೆಯಿಂದ ಮುಂದಕ್ಕೆ ಚಾಚಿದ ಭಾಗ, ಒಂದೇ. ತೆಂಗಿಗೆ ಬರುವ ಕೆಂಪುಮೂತಿ ಹುಳುವಿನಲ್ಲಿ ಅದು ಮೂತಿಯೇ, ಏಕೆಂದರೆ ಅದರ ತುದಿಯಲ್ಲಿ ಬಾಯಿ ಇದೆ. ಸೀಗಡಿಯಲ್ಲಿ ಹಾಗಲ್ಲ, ಬೆನ್ನುಗವಚವೇ ಎರಡು ಕಣ್ಣುಗಳ ನಡುವೆ ಮುಂದಕ್ಕೆ ಚಾಚಿ ಹಲ್ಲುಹಲ್ಲಾಗಿರುತ್ತದೆ, ಆ ಹಲ್ಲುಗಳನ್ನು ಎಣಿಸಿ ಜಾತಿಯನ್ನು ಗುರುತಿಸುವುದೂ ಇದೆ. ಇದನ್ನು ನಾನು ಸದ್ಯಕ್ಕೆ ‘ಹಣೆಗರಗಸ’ ಎಂದು ಬರೆದಿಟ್ಟಿದ್ದೇನೆ. ಕುಂಬಳೆ, ಮಂಜೇಶ್ವರದ ಕಡೆ ಸೀಗಡಿ ಸುಲಿಯುವ ಹೆಂಗಸರ ಬಾಯಲ್ಲಿ ಇದಕ್ಕೆ ಬೇರೆ ಹೆಸರನ್ನು ಯಾರಾದರೂ ಕೇಳಿದ್ದರೆ, ಅದು ತುಳುವಾಗಲಿ ಮಲಯಾಳವಾಗಲಿ, ದಯವಿಟ್ಟು ಗುರುವಾರ ರಾತ್ರಿಯೊಳಗೆ ತಿಳಿಸಿ.